ಫ್ಯೂಷನ್ ಅಥವಾ ಫ್ರೀಕ್ಯಾಡ್: ಬಾಡಿಗೆ ಮನೆಯೋ, ಸ್ವಂತ ಮನೆಯೋ?

ಕಂಪ್ಯೂಟರಿನಲ್ಲಿ ಮೂರು ಆಯಾಮದ ವಸ್ತುಗಳನ್ನು ವಿನ್ಯಾಸಗೊಳಿಸುವ ಎರಡು ತಂತ್ರಾಂಶಗಳಿವು: ಫ್ಯೂಷನ್ ಆಟೋಡೆಸ್ಕ್ ಕಂಪನಿಯದು, ಫ್ರೀಕ್ಯಾಡ್ ಎಲ್ಲರಿಗೂ ಉಚಿತ. ಆಟೋಡೆಸ್ಕ್ 2016ರಲ್ಲಿ ಶಾಶ್ವತ ಪರವಾನಗಿಗಳ ಮಾರಾಟವನ್ನು ನಿಲ್ಲಿಸಿ ಚಂದಾ ಪದ್ಧತಿಗೆ ಹೊರಳಿತು. ಅದರ ಫ್ಯೂಷನ್‌ಗೆ ಉಚಿತ ವೈಯಕ್ತಿಕ ಆವೃತ್ತಿ ಇದೆ, ನಿಜ. ಆದರೆ 2020ರಲ್ಲಿ ಷರತ್ತು ಬಿಗಿಗೊಳಿಸಿ, ಒಮ್ಮೆಗೆ ತಿದ್ದಬಹುದಾದ ಕಡತಗಳನ್ನು 10ಕ್ಕೆ ಇಳಿಸಿದರು. ವಿನ್ಯಾಸವನ್ನು ಬೇರೆ ತಂತ್ರಾಂಶಗಳೂ ತೆರೆಯಬಲ್ಲ ಸ್ಟೆಪ್ ಕಡತವಾಗಿ ಉಳಿಸುವ ಸೌಲಭ್ಯವನ್ನೂ ಕಿತ್ತುಹಾಕಲು ಹೊರಟು, ಬಳಕೆದಾರರು ತಿರುಗಿಬಿದ್ದ ಮೇಲೆ ಕೈಬಿಟ್ಟರು. ನಮ್ಮದೇ ವಿನ್ಯಾಸವನ್ನು ಹೊರತೆಗೆಯಲು ಇನ್ನೊಬ್ಬರ ಕೃಪೆ ಬೇಕೆಂಬುದನ್ನು ನಾನಂತೂ ಒಪ್ಪಲಾರೆ.

ಫ್ರೀಕ್ಯಾಡ್‌ನಲ್ಲಿ ಆ ಭಯವಿಲ್ಲ. ಚಂದಾ ಇಲ್ಲ, ಲಾಗಿನ್ ಇಲ್ಲ, ವ್ಯಾಪಾರಕ್ಕೂ ಬಳಸಬಹುದು. ಅದರ ಕಷ್ಟವೇ ಬೇರೆ. ಪೆಟ್ಟಿಗೆಯೊಂದನ್ನು ರಚಿಸಿ, ಅಂಚನ್ನು ದುಂಡಗಾಗಿಸಿ, ಆಮೇಲೆ ಮೂಲ ಸ್ಕೆಚ್‌ಗೆ ಒಂದು ಗೆರೆ ಸೇರಿಸಿದರೆ ಸಾಕು: ಹಳೆಯ ಆವೃತ್ತಿಗಳಲ್ಲಿ ಆ ದುಂಡು ಬೇರೊಂದು ಅಂಚಿಗೆ ಹಾರುತ್ತಿತ್ತು, ಇಲ್ಲವೇ ಮಾದರಿಯೇ ಮುರಿದುಬೀಳುತ್ತಿತ್ತು. ಅಂಚುಗಳಿಗೆ ತಂತ್ರಾಂಶ ಕೊಟ್ಟ ಸಂಖ್ಯೆಗಳು ಅದಲುಬದಲಾಗುತ್ತಿದ್ದುದೇ ಕಾರಣ. 2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿ ಇದನ್ನು ಬಹುಮಟ್ಟಿಗೆ ಸರಿಪಡಿಸಿದೆ. ಬಿಡಿಭಾಗಗಳನ್ನು ಜೋಡಿಸುವ ಅಸೆಂಬ್ಲಿ ವಿಭಾಗವೂ ಈಗ ಒಳಗೇ ಇದೆ.

ಕಲಿಯಲು ಫ್ಯೂಷನ್ ಸುಲಭ, ಅದರಲ್ಲಿ ಎರಡು ಮಾತಿಲ್ಲ. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರದಿಂದ ಕೊರೆದು ಕತ್ತರಿಸುವ) ಕೆಲಸಕ್ಕೂ ಅದೇ ಮೇಲು, ಆದರೆ ಹಣ ಕಟ್ಟಿದವರಿಗೆ ಮಾತ್ರ. ಉಚಿತ ಆವೃತ್ತಿ ಉಪಕರಣದ ವೇಗದ ಚಲನೆಯನ್ನೇ ತಡೆದಿದೆ. ದಿನವಿಡೀ ಇಂಥ ಕೊರೆತ (ಮಿಲ್ಲಿಂಗ್) ನಡೆಸುವವರು ಚಂದಾ ಕಟ್ಟಲಿ. ತ್ರೀಡಿ ಪ್ರಿಂಟರ್‌ಗೆ ಸಣ್ಣಪುಟ್ಟ ಭಾಗ ಮಾಡುವವರು ಫ್ರೀಕ್ಯಾಡ್‌ಗೆ ಒಂದು ತಿಂಗಳ ತಾಳ್ಮೆ ಕೊಡಲಿ. ಫ್ಯೂಷನ್ ಆರಿಸಿಕೊಂಡರೆ, ಮುಗಿದ ಪ್ರತಿಯೊಂದು ವಿನ್ಯಾಸದ ಸ್ಟೆಪ್ ಪ್ರತಿಯನ್ನು ಅಂದೇ ನಿಮ್ಮ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ.