ಡೇಟಾ ಅನಾಲಿಸ್ಟ್ ಇಂಟರ್ನ್ ಅಂದರು, ಕೈಗೆ ಫೋನ್ ಕೊಟ್ಟರು

ಇಂಟರ್ನ್‌ಶಿಪ್ ಹುಡುಕುತ್ತಿರುವವರು, ಅದರಲ್ಲೂ "ಪಿಪಿಒ ಗ್ಯಾರಂಟಿ" (ಪಿಪಿಒ ಅಂದರೆ ಇಂಟರ್ನ್‌ಶಿಪ್ ಮಾಡಿದ ಕಂಪನಿಯೇ ಓದು ಮುಗಿಯುವ ಮುನ್ನ ಕೊಡುವ ಕೆಲಸದ ಆಫರು) ಎಂಬ ಜಾಹೀರಾತು ನೋಡಿ ಅರ್ಜಿ ಹಾಕಲು ಹೊರಟವರು, ಇದನ್ನೊಮ್ಮೆ ಓದಿ. ಕಂಪನಿಯ ಹೆಸರು ಹೇಳುವುದಿಲ್ಲ, ಇಂಥವು ಬೇಕಾದಷ್ಟಿವೆ.

ನನಗೆ ಬಂದ ಪತ್ರದಲ್ಲಿ ಹುದ್ದೆ "ಡೇಟಾ ಅನಾಲಿಸ್ಟ್ ಇಂಟರ್ನ್". ಸಂಖ್ಯಾಶಾಸ್ತ್ರ ಓದುತ್ತಿದ್ದವಳಿಗೆ ಇನ್ನೇನು ಬೇಕು? ಮೊದಲ ದಿನ ಕೊಟ್ಟದ್ದು ಒಂದು ಎಕ್ಸೆಲ್ ಶೀಟು: ಹೆಸರು, ಫೋನ್ ನಂಬರು, ಕೊನೆಯ ಕಾಲಂನಲ್ಲಿ "ಆಸಕ್ತಿ ಇದೆ / ಇಲ್ಲ / ಮತ್ತೆ ಕರೆ ಮಾಡಿ". ಆ ನಂಬರುಗಳಿಗೆಲ್ಲ ಕರೆ ಮಾಡಿ ಕಂಪನಿಯ ಆನ್‌ಲೈನ್ ಕೋರ್ಸ್ ಮಾರಬೇಕು. ಕಾಲಂ ತುಂಬುವುದೇ ಡೇಟಾ, ಸಂಜೆ ಎಣಿಸಿ ಹೇಳುವುದೇ ಅನಾಲಿಸಿಸ್! "ಮೊದಲು ಕಸ್ಟಮರ್ ಅರ್ಥ ಆಗ್ಬೇಕಮ್ಮ, ಆಮೇಲೆ ಮಾಡೆಲ್ ಕೆಲಸ ಕೊಡ್ತೀವಿ" ಅಂದರು ಟೀಮ್ ಲೀಡ್. ಆ "ಆಮೇಲೆ" ಬರಲೇ ಇಲ್ಲ. ಸ್ಟೈಪೆಂಡ್ ಕೇಳಿದರೆ, ಟಾರ್ಗೆಟ್ ಮುಟ್ಟಿದವರಿಗೆ ಮಾತ್ರವಂತೆ. ಪತ್ರದಲ್ಲಿ ಇದ್ದದ್ದು "ಕಾರ್ಯಕ್ಷಮತೆ ಆಧಾರಿತ" ಎಂಬ ಎರಡೇ ಪದ.

ದುಡ್ಡಿನ ಮಾತು ಬಿಡಿ. ಜೊತೆಗಿದ್ದ ಹುಡುಗನೊಬ್ಬ ಪಿಪಿಒ ನಂಬಿಕೊಂಡು ಕ್ಯಾಂಪಸ್ ಪ್ಲೇಸ್‌ಮೆಂಟ್‌ಗೆ ಹೆಸರೇ ಕೊಡಲಿಲ್ಲ. ಕೊನೆಗೆ ಅವನಿಗೆ ಸಿಕ್ಕ ಆಫರು ಅದೇ ಫೋನ್ ಕೆಲಸದ್ದು. ಇನ್ನೊಬ್ಬಳು "ಡೇಟಾ ಫೀಲ್ಡ್ ಅಂದ್ರೆ ಇಷ್ಟೇನಾ, ನಂಗೆ ಬೇಡಪ್ಪ" ಎಂದು ಕೊನೆಯ ವರ್ಷದ ಐಚ್ಛಿಕ ವಿಷಯವನ್ನೇ ಬದಲಿಸಿಕೊಂಡಳು. ನನಗಿದು ಇಂದಿಗೂ ಸಂಕಟ. ಒಂದು ಕೆಲಸವನ್ನು ನಿಜಕ್ಕೂ ಮಾಡಿ ನೋಡಿ, ಇದು ನನಗೆ ಒಗ್ಗದು ಎಂದು ಬಿಟ್ಟರೆ ಅದು ಇಂಟರ್ನ್‌ಶಿಪ್‌ನ ಲಾಭವೇ. ಅವಳು ಆ ಕೆಲಸದ ಮುಖವನ್ನೇ ನೋಡಿರಲಿಲ್ಲ. ಓದುವ ವಯಸ್ಸಿನಲ್ಲಿ ಕಂಡ ಮೊದಲ ಆಫೀಸೇ ಇಡೀ ಕ್ಷೇತ್ರ ಅನ್ನಿಸಿಬಿಡುತ್ತದೆ.

ಸಂಬಳವಿಲ್ಲದ ಇಂಟರ್ನ್‌ಗಳ ವಿಷಯದಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ 2018ರಿಂದ ಏಳು ಅಂಶಗಳನ್ನು ನೋಡುತ್ತದೆ. ಅದರಲ್ಲೊಂದು: ಇಂಟರ್ನ್ ಮಾಡುವುದು ಸಂಬಳದ ನೌಕರರ ಕೆಲಸಕ್ಕೆ ಪೂರಕವೋ, ಅವರ ಬದಲಿಗೋ? ನಮ್ಮಲ್ಲಿ ಸೇಲ್ಸ್‌ಗೆಂದು ಸಂಬಳದವರು ಒಬ್ಬರೂ ಇರಲಿಲ್ಲ. ನಾವೇ ಸೇಲ್ಸ್. ಒಂದು ಬ್ಯಾಚ್ ಹೋದರೆ ಇನ್ನೊಂದು.

ಸೇರುವ ಮುನ್ನ ಹಿಂದಿನ ಇಂಟರ್ನ್‌ಗಳನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ. ಒಂದೇ ಹುದ್ದೆಯಲ್ಲಿ ತಿಂಗಳಿಗೊಂದು ಗುಂಪು ಬಂದು ಹೋಗಿದ್ದರೆ ಅಲ್ಲಿಗೇ ಬಿಡಿ. ಇಬ್ಬರಿಗೆ ಮೆಸೇಜ್ ಮಾಡಿ, ದಿನವಿಡೀ ಏನು ಮಾಡುತ್ತಿದ್ದಿರಿ ಎಂದು ಕೇಳಿ. ಹೊರಬಂದವರು ಧಾರಾಳವಾಗಿ ಹೇಳುತ್ತಾರೆ. ಸಂದರ್ಶನದಲ್ಲಿ ನನ್ನ ಕೆಲಸ ತಿದ್ದುವವರು ಯಾರು, ಅವರ ಹುದ್ದೆ ಏನು ಎಂದು ಕೇಳಿ. ಸ್ಟೈಪೆಂಡ್ ಷರತ್ತು ಇಮೇಲ್‌ನಲ್ಲೇ ಬರಲಿ. ತರಬೇತಿ ಶುಲ್ಕ ಕಟ್ಟಿ, ಮೂಲ ಅಂಕಪಟ್ಟಿ ಒಪ್ಪಿಸಿ ಅಂದರೆ ಮಾತೇ ಬೇಡ. ಪಿಪಿಒ ಕಾಗದದಲ್ಲಿ ಹುದ್ದೆ, ಸಂಬಳ, ಸೇರುವ ದಿನಾಂಕ ಮೂರೂ ಕಾಣುವವರೆಗೆ ಪ್ಲೇಸ್‌ಮೆಂಟ್ ಬಿಡಬೇಡಿ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಸರ್ಟಿಫಿಕೇಟ್ ಆಸೆಗೆ ಕೂರಬೇಡಿ. ನನ್ನದರಲ್ಲಿ "ಅತ್ಯುತ್ತಮ ವಿಶ್ಲೇಷಣಾ ಕೌಶಲ" ಎಂದಿದೆ. ಮುಂದಿನ ಸಂದರ್ಶನದಲ್ಲಿ ಅದನ್ನು ನೋಡಿದವರು ಕೇಳಿದ ಮೊದಲ ಪ್ರಶ್ನೆ, ಯಾವ ಡೇಟಾ, ಅದರಿಂದ ಏನು ಕಂಡುಕೊಂಡಿರಿ ಎಂದು. ಕೋರ್ಸ್ ಮಾರುವ ಕರೆ ಮಾಡಿಸಿದರು ಎಂದೆ. ಅವರು ಆ ಹಾಳೆ ಬದಿಗಿಟ್ಟು ನನ್ನ ಕಾಲೇಜು ಪ್ರಾಜೆಕ್ಟ್ ಬಗ್ಗೆ ಕೇಳಲು ಶುರುಮಾಡಿದರು.