ಹಿಮ ಚಿರತೆನಾ, ಕೆಂಪು ಪಾಂಡಾನಾ?

ಝೂಗೆ ಒಂದೇ ಒಂದು ಕನಸಿನ ಪ್ರಾಣಿ ತರ್ಬೋದು ಅಂದ್ರೆ ನನ್ನ ಲಿಸ್ಟಲ್ಲಿ ಉಳಿಯೋದು ಇವೆರಡೇ. ಎರಡಕ್ಕೂ ಸೆಕೆ ಆಗಿಬರಲ್ಲ, ಆದ್ರೆ ಆವರಣದ ವಿಷ್ಯಕ್ಕೆ ಬಂದ್ರೆ ಪೂರ್ತಿ ಬೇರೆ ಬೇರೆ.

ಹಿಮ ಚಿರತೆಗೆ ಎತ್ತರ ಬೇಕು. ಸಪಾಟು ಜಾಗ ಎಷ್ಟೇ ಕೊಟ್ರೂ ಉಪಯೋಗ ಇಲ್ಲ, ಬಂಡೆ ಮೇಲೆ ಬಂಡೆ ಇಟ್ಟು ಕಡಿದಾದ ಇಳಿಜಾರು ಮಾಡಿ ಮೇಲ್ಗಡೆ ಒಂದು ಚಾಚು ಬಿಟ್ರೆ, ಅದು ಅಲ್ಲೇ ಮಲಗಿ ಹೆಚ್ಚುಕಮ್ಮಿ 1 ಮೀಟರ್ ಉದ್ದದ ದಪ್ಪ ಬಾಲನ ಮೂತಿಗೆ ಸುತ್ಕೊಂಡು ಕೆಳಗಿರೋರನ್ನ ನೋಡ್ತಿರುತ್ತೆ, ಆಹಾ! ಜಿಗಿತ ಭಾರಿ ಜೋರು, ಹಾಗಾಗಿ ಮೇಲೂ ಮೆಶ್ ಹಾಕ್ಲೇಬೇಕು. ಒಂಟಿ ಪ್ರಾಣಿ ಬೇರೆ, ಜೋಡಿ ಇಟ್ರೆ ಬೇರೆ ಮಾಡೋಕೆ ಇನ್ನೊಂದು ಆವರಣ ರೆಡಿ ಇರ್ಬೇಕು.

ಕೆಂಪು ಪಾಂಡಾ 3ರಿಂದ 6 ಕೆಜಿ ಅಷ್ಟೇ, ಜಾಗ ಕಮ್ಮಿ ಸಾಕು. ಮರ, ಅಡ್ಡಡ್ಡ ಕೊಂಬೆ, ತಂಪಾದ ಗೂಡು, ದಿನಾ ಫ್ರೆಶ್ ಬಿದಿರೆಲೆ. ಬಿದಿರು ಸರಿಯಾಗಿ ಜೀರ್ಣ ಆಗಲ್ಲ, ಅದಕ್ಕೇ ತಿಂತಾನೇ ಇರುತ್ತೆ. ಗೋಡೆ ಹತ್ರ ಕೊಂಬೆ ಚಾಚೋಕೆ ಮಾತ್ರ ಬಿಡ್ಬೇಡಿ, 2013ರಲ್ಲಿ ವಾಷಿಂಗ್ಟನ್ ನ್ಯಾಷನಲ್ ಝೂನಿಂದ ರಸ್ಟಿ ಅನ್ನೋ ಪಾಂಡಾ ತಪ್ಪಿಸ್ಕೊಂಡು ಊರೊಳಗೆ ಸಿಕ್ಕಿತ್ತು.

ಜಾಗ, ದುಡ್ಡು ಎರಡೂ ಇದ್ರೆ ಹಿಮ ಚಿರತೆ. ಇಲ್ಲಾಂದ್ರೆ ಅದನ್ನ ಇಕ್ಕಟ್ಟಲ್ಲಿ ಕೂಡಿಹಾಕೋದು ದಯವಿಟ್ಟು ಬೇಡ, ಪಾಂಡಾನೇ ತನ್ನಿ, ಮೊದಲು ಬಿದಿರು ನೆಡಿ.