ಗ್ರಾಹಕವನ್ನೇ ಕೊಂಡ ಗ್ರಾಹಕನ ಮಾತು: ಎಂಡೋಟಾಕ್ಸಿನ್ ಪತ್ತೆಯ ಜೆಲ್ ಕ್ಲಾಟ್ ಕಿಟ್

ಡಯಾಲಿಸಿಸ್ ಕೇಂದ್ರಗಳ ನೀರನ್ನು ಪರೀಕ್ಷಿಸುವ ಒಂದು ಸಣ್ಣ ಪ್ರಯೋಗಾಲಯದಲ್ಲಿ ನಾನು ಸೂಕ್ಷ್ಮಜೀವಿ ತಜ್ಞನಾಗಿ ಕೆಲಸ ಮಾಡುತ್ತಿದ್ದೇನೆ. ನಾಲ್ಕು ವರ್ಷಗಳಿಂದ ನಾವು ಬಳಸುತ್ತಿರುವ, ಲ್ಯಾಬಿನ ಮಾತಿನಲ್ಲಿ ‘ಲ್ಯಾಲ್ ಕಿಟ್’ ಎಂದು ಕರೆಸಿಕೊಳ್ಳುವ ಜೆಲ್ ಕ್ಲಾಟ್ ಪರೀಕ್ಷಾ ಕಿಟ್ಟಿನ ಬಗ್ಗೆ ಈ ವಿಮರ್ಶೆ. ಹೊಸದಾಗಿ ಈ ಕೆಲಸಕ್ಕೆ ಸೇರುವವರು ಅದನ್ನು ಬರಿಯ ರಾಸಾಯನಿಕ ಎಂದು ತಿಳಿದು ಬಳಸಲು ತೊಡಗುತ್ತಾರೆ. ಆದರೆ ಆ ಪುಟ್ಟ ಸೀಸೆಯ ತಳದಲ್ಲಿ ಒಣಗಿ ಕುಳಿತಿರುವ ಬಿಳಿಯ ಪುಡಿ ಒಂದು ಪ್ರಾಣಿಯ ಸಹಜ ರೋಗನಿರೋಧಕ ವ್ಯವಸ್ಥೆಯ ತುಣುಕು; ಬ್ಯಾಕ್ಟೀರಿಯಾ ಒಳನುಗ್ಗಿತೆಂದು ಮೊದಲು ಗುರುತಿಸುವ ಗ್ರಾಹಕ ಅದರಲ್ಲಿದೆ. ನಮ್ಮ ವಿಜ್ಞಾನ ಬರಹಗಳು ರಿಸೆಪ್ಟರ್‌ಗೂ ಅಂಗಡಿಗೆ ಬಂದವನಿಗೂ ‘ಗ್ರಾಹಕ’ ಎಂಬ ಒಂದೇ ಪದವನ್ನು ಕೊಟ್ಟಿರುವುದರಿಂದ, ಗ್ರಾಹಕವನ್ನೇ ದುಡ್ಡು ಕೊಟ್ಟು ತಂದ ಗ್ರಾಹಕ ಎಂದು ನನ್ನನ್ನು ನಾನು ಕರೆದುಕೊಳ್ಳಬಹುದು.

ನೀರಿನಲ್ಲಿ ನಾವು ಹುಡುಕುವುದು ಏನನ್ನು ಎಂಬುದನ್ನು ಮೊದಲು ಹೇಳಬೇಕು. ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಲಿಪೊಪಾಲಿಸ್ಯಾಕರೈಡ್ ಎಂಬ ಅಣುಗಳು ತುಂಬಿರುತ್ತವೆ, ಒಂದು ಇ. ಕೋಲೈ ಕೋಶದಲ್ಲೇ ಅವು ಸುಮಾರು 10 ಲಕ್ಷದಷ್ಟಿರುತ್ತವೆ. ಎಂಡೋಟಾಕ್ಸಿನ್ ಎನ್ನುವುದು ಇದನ್ನೇ. ಬ್ಯಾಕ್ಟೀರಿಯಾ ಸತ್ತರೂ ಇದು ಸಾಯುವುದಿಲ್ಲ, 121 ಡಿಗ್ರಿಯ ಆಟೋಕ್ಲೇವ್‌ಗೂ ಬಗ್ಗುವುದಿಲ್ಲ. ಗಾಜಿನ ಕೊಳವೆಗಳಿಂದ ಇದನ್ನು ತೊಲಗಿಸಬೇಕಾದರೆ 250 ಡಿಗ್ರಿಯ ಒಣ ಶಾಖದಲ್ಲಿ ಕನಿಷ್ಠ ಅರ್ಧ ಗಂಟೆ ಇಡಬೇಕಾಗುತ್ತದೆ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ನಲ್ಲಿ ಸುಮಾರು 120 ಲೀಟರ್ ನೀರು ರೋಗಿಯ ರಕ್ತದ ಆಚೆ ಬದಿಯಲ್ಲಿ, ತೆಳುಪೊರೆಯೊಂದರ ಅಂತರದಲ್ಲಿ ಹರಿದುಹೋಗುತ್ತದೆ. ಎಂಡೋಟಾಕ್ಸಿನ್ನಿನ ಚೂರುಗಳು ಆ ಪೊರೆಯನ್ನು ದಾಟಿದರೆ ರೋಗಿ ಕುರ್ಚಿಯಲ್ಲೇ ಚಳಿಯಿಂದ ನಡುಗತೊಡಗುತ್ತಾನೆ, ಜ್ವರ ಏರುತ್ತದೆ, ರಕ್ತದೊತ್ತಡ ಇಳಿಯಬಹುದು.

ಈ ನಡುಕವನ್ನು ಹುಟ್ಟಿಸುವುದು ವಿಷವಲ್ಲ, ನಮ್ಮದೇ ದೇಹ. ರಕ್ತದಲ್ಲಿರುವ ಒಂದು ಪ್ರೋಟೀನು ಎಂಡೋಟಾಕ್ಸಿನ್ನನ್ನು ಹಿಡಿದು ಬಿಳಿ ರಕ್ತಕಣದ ಮೇಲಿನ ಸಿಡಿ14 ಎಂಬ ಇನ್ನೊಂದು ಪ್ರೋಟೀನಿಗೆ ಒಪ್ಪಿಸುತ್ತದೆ. ಅದು ಎಂಡಿ-2 ಮತ್ತು ಟಿಎಲ್‌ಆರ್4 ಎಂಬ ಗ್ರಾಹಕ ಜೋಡಿಗೆ (ಟಿಎಲ್‌ಆರ್ ಎಂದರೆ ‘ಟೋಲ್ ತರಹದ ಗ್ರಾಹಕ’) ದಾಟಿಸುತ್ತದೆ. ಕೂಡಲೇ ಕಣದೊಳಗೆ ಸಂಕೇತ ಹರಿದು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಮುಂತಾದ ಉರಿಯೂತದ ದೂತರು ಹೊರಬೀಳುತ್ತಾರೆ. ಜ್ವರ ಬರುವುದು ಅವರ ಸುದ್ದಿ ಮಿದುಳಿಗೆ ತಲುಪಿದಾಗ. ಪ್ರತಿಕಾಯಗಳು ತಯಾರಾಗಲು ದಿನಗಟ್ಟಲೆ ಕಾಯಬೇಕು, ಈ ಗ್ರಾಹಕಗಳು ನಿಮಿಷಗಳಲ್ಲಿ ಎಚ್ಚೆತ್ತುಕೊಳ್ಳುತ್ತವೆ. ಅವು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಿ3ಎಚ್/ಹೆಚ್‌ಇಜೆ ಎಂಬ ಇಲಿ ತಳಿಯೇ ಸಾಕ್ಷಿ. ಬೇರೆ ಇಲಿಗಳನ್ನು ಕೊಲ್ಲುವಷ್ಟು ಎಂಡೋಟಾಕ್ಸಿನ್ ಚುಚ್ಚಿದರೂ ಅದಕ್ಕೆ ಏನೂ ಆಗುತ್ತಿರಲಿಲ್ಲ. ಆದರೆ ಅದೇ ಇಲಿಗೆ ಬೆರಳೆಣಿಕೆಯಷ್ಟು ಜೀವಂತ ಸಾಲ್ಮೊನೆಲ್ಲ ತಗುಲಿದರೆ ಸಾಕು, ಉಳಿಯುತ್ತಿರಲಿಲ್ಲ. ಬ್ರೂಸ್ ಬ್ಯೂಟ್ಲರ್ ಅವರ ತಂಡ 1998ರಲ್ಲಿ ಈ ದೋಷವನ್ನು ಟಿಎಲ್‌ಆರ್4ರ ಜೀನಿನಲ್ಲಿ, ಒಂದೇ ಒಂದು ಅಮೈನೊ ಆಮ್ಲದ ಬದಲಾವಣೆಯಲ್ಲಿ ಗುರುತಿಸಿತು. ನೊಣದಲ್ಲಿ ಟೋಲ್ ಗ್ರಾಹಕದ ಪಾತ್ರವನ್ನು 1996ರಲ್ಲಿ ತೋರಿಸಿದ್ದ ಜೂಲ್ಸ್ ಹಾಫ್‌ಮನ್ ಅವರೊಂದಿಗೆ ಬ್ಯೂಟ್ಲರ್ 2011ರ ನೊಬೆಲ್ ಬಹುಮಾನದ ಅರ್ಧ ಪಾಲನ್ನು ಹಂಚಿಕೊಂಡರು.

ಕಿಟ್ಟಿನಲ್ಲಿರುವುದು ಮನುಷ್ಯನ ಗ್ರಾಹಕವಲ್ಲ, ಲಾಳದ ಏಡಿಯದು. ಹೆಸರಿಗೆ ಏಡಿಯಾದರೂ ಅದು ಜೇಡ, ಚೇಳುಗಳಿಗೆ ಹತ್ತಿರದ ಜೀವಿ. 40 ಕೋಟಿ ವರ್ಷಗಳಿಗಿಂತ ಹಳೆಯ ವಂಶ. ಲ್ಯಾಲ್ (ಲಿಮ್ಯುಲಸ್ ಅಮೀಬೊಸೈಟ್ ಲೈಸೇಟ್, ಅಂದರೆ ಈ ಏಡಿಯ ರಕ್ತಕಣಗಳನ್ನು ಒಡೆದು ತೆಗೆದ ಸಾರ) ಎಂಬ ಇಂಗ್ಲಿಷ್ ಹ್ರಸ್ವರೂಪಕ್ಕೂ ನಮ್ಮ ಲಾಳಕ್ಕೂ ಸಂಬಂಧವಿಲ್ಲ, ಆದರೂ ಹೊಸಬರಿಗೆ ನೆನಪಿಡಲು ಈ ಕಾಕತಾಳೀಯವೇ ಸಾಕಾಗುತ್ತದೆ. ಅಮೆರಿಕದ ವುಡ್ಸ್ ಹೋಲ್‌ನಲ್ಲಿ ಫ್ರೆಡರಿಕ್ ಬ್ಯಾಂಗ್ ಇವುಗಳಿಗೆ ಸಮುದ್ರದ ಬ್ಯಾಕ್ಟೀರಿಯಾ ಚುಚ್ಚಿದಾಗ ಮೈಯೊಳಗಿನ ರಕ್ತವೆಲ್ಲ ಹೆಪ್ಪುಗಟ್ಟಿದ್ದನ್ನು 1956ರಲ್ಲಿ ವರದಿ ಮಾಡಿದರು. ಇದಕ್ಕೆ ಎಂಡೋಟಾಕ್ಸಿನ್ನೇ ಕಾರಣವೆಂದು ಅವರೂ ಜಾಕ್ ಲೆವಿನ್ ಅವರೂ 1964ರಲ್ಲಿ ತೋರಿಸಿದರು. ಆ ನೀಲಿ ರಕ್ತದ ಕಣಗಳಲ್ಲಿರುವ ಫ್ಯಾಕ್ಟರ್ ಸಿ ಎಂಬ ಪ್ರೋಟೀನು ಎಂಡೋಟಾಕ್ಸಿನ್ನಿನ ಬುಡದಲ್ಲಿರುವ ಲಿಪಿಡ್ ಎ ಭಾಗವನ್ನು ಹಿಡಿದೊಡನೆ ಕಿಣ್ವವಾಗಿ ಬದಲಾಗುತ್ತದೆ. ಅದು ಫ್ಯಾಕ್ಟರ್ ಬಿಯನ್ನು ಎಬ್ಬಿಸುತ್ತದೆ, ಅದು ಮುಂದಿನದನ್ನು, ಕೊನೆಗೆ ಕೊಯಾಗ್ಯುಲೊಜನ್ ಗಟ್ಟಿಯಾಗಿ ಲೋಳೆಯಾಗುತ್ತದೆ. ಪ್ರಾಣಿಯ ಗಾಯದಲ್ಲಿ ಈ ಲೋಳೆ ಬ್ಯಾಕ್ಟೀರಿಯಾಗಳನ್ನು ಅಲ್ಲೇ ಸೆರೆಹಿಡಿಯುತ್ತದೆ. ನಮ್ಮ ಸೀಸೆಯಲ್ಲಿ ನೀರು ಕೆಟ್ಟಿದೆ ಎಂದು ಸಾರುತ್ತದೆ. ಮನುಷ್ಯನೂ ಈ ಜೀವಿಯೂ ಬೇರೆ ಬೇರೆ ಗ್ರಾಹಕಗಳನ್ನು ಕಟ್ಟಿಕೊಂಡು ಶತ್ರುವಿನ ಮೈಯ ಒಂದೇ ಗುರುತನ್ನು ಹಿಡಿಯಲು ಕಲಿತಿವೆ ಎಂಬುದು ಈ ಕಿಟ್ಟಿನ ಬಗ್ಗೆ ನನಗೆ ಇಂದಿಗೂ ಅಚ್ಚರಿ ಹುಟ್ಟಿಸುವ ಸಂಗತಿ.

ಇನ್ನು ಬಳಕೆ. ನಾವು ತರಿಸುವುದು ಒಂದು ಸೀಸೆಗೆ ಒಂದೇ ಪರೀಕ್ಷೆಯ ನಮೂನೆ. ಸಂವೇದನೆ ಮಿಲಿಲೀಟರಿಗೆ 0.03 ಎಂಡೋಟಾಕ್ಸಿನ್ ಘಟಕ, ಅಂದರೆ ತೂಕದ ಲೆಕ್ಕದಲ್ಲಿ ಸುಮಾರು 3 ಪಿಕೊಗ್ರಾಂ. 0.2 ಮಿಲಿಲೀಟರ್ ನೀರು ಹಾಕಿ, 37 ಡಿಗ್ರಿಯ ಬ್ಲಾಕಿನಲ್ಲಿ 60 ನಿಮಿಷ ಅಲುಗಾಡದಂತೆ ಇಟ್ಟು, ಆಮೇಲೆ ಸೀಸೆಯನ್ನು ಮೆಲ್ಲನೆ ತಲೆಕೆಳಗು ಮಾಡಬೇಕು. ಹೆಪ್ಪು ತಳಕ್ಕೇ ಕಚ್ಚಿಕೊಂಡು ನಿಂತರೆ ಪಾಸಿಟಿವ್, ಜಾರಿ ಬಿದ್ದರೆ ನೆಗೆಟಿವ್. ಚೆನ್ನಾಗಿ ಹೆಪ್ಪುಗಟ್ಟಿದ ಗಡಿಗೆಯ ಮೊಸರನ್ನು ಬಗ್ಗಿಸಿ ನೋಡಿದವರಿಗೆ ಇದರ ತೀರ್ಪು ಹೇಗಿರುತ್ತದೆ ಎಂದು ವಿವರಿಸಬೇಕಾಗಿಲ್ಲ. ಯಂತ್ರ ಬೇಡ, ತಂತ್ರಾಂಶ ಬೇಡ, ವಿದ್ಯುತ್ ಕೈಕೊಟ್ಟ ದಿನವೂ ಯುಪಿಎಸ್ ಮೇಲೆ ಬ್ಲಾಕ್ ನಡೆದರೆ ಸಾಕು. ಡಯಾಲಿಸಿಸ್ ನೀರಿಗೆ ಮಿತಿ 0.25 ಘಟಕ, ಆದ್ದರಿಂದ ಮಾದರಿಯನ್ನು ಎರಡು, ನಾಲ್ಕು, ಎಂಟು ಪಟ್ಟು ತೆಳುವಾಗಿಸಿ ಸಾಲಾಗಿ ಇಟ್ಟರೆ ನೀರು ಮಿತಿಯಿಂದ ಎಷ್ಟು ದೂರದಲ್ಲಿದೆ ಎಂಬ ಅಂದಾಜು ಸಿಗುತ್ತದೆ. ಅಂದಾಜು ಮಾತ್ರ, ನಿಖರ ಸಂಖ್ಯೆ ಬೇಕೆನ್ನುವವರಿಗೆ ಇದು ಹೇಳಿದ್ದಲ್ಲ.

ಒಮ್ಮೆ ಒಂದು ಕೇಂದ್ರದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಎಣಿಸುವ ತಟ್ಟೆ ಬಹುತೇಕ ಖಾಲಿಯಿದ್ದು, ಸೀಸೆಗಳು ಮಾತ್ರ ಎಂಟು ಪಟ್ಟು ತೆಳುವಾಗಿಸಿದ್ದೂ ಸೇರಿದಂತೆ ಎಲ್ಲವೂ ಹೆಪ್ಪುಗಟ್ಟಿದವು. ಹಿಂದಿನ ದಿನವಷ್ಟೇ ಪೈಪುಗಳಿಗೆ ಸೋಂಕುನಿವಾರಕ ಹಾಯಿಸಿದ್ದೇವೆ, ನಿಮ್ಮ ಕಿಟ್ಟೇ ಕೆಟ್ಟಿರಬೇಕು ಎಂದು ಅಲ್ಲಿನ ತಂತ್ರಜ್ಞರು ವಾದಿಸಿದರು. ಕಿಟ್ ಕೆಟ್ಟಿರಲಿಲ್ಲ. ಪೈಪಿನ ಒಳಗೋಡೆಗೆ ಅಂಟಿದ್ದ ಬ್ಯಾಕ್ಟೀರಿಯಾದ ಪದರ ಸತ್ತು, ಸಾಕಷ್ಟು ತೊಳೆಯದ ಕಾರಣ ಅದರ ಪೊರೆಯ ಚೂರುಗಳು ನೀರಿನಲ್ಲಿ ಉಳಿದಿದ್ದವು. ತಟ್ಟೆ ಲೆಕ್ಕ ಹಾಕುವುದು ಬದುಕಿರುವುದನ್ನು ಮಾತ್ರ. ಗ್ರಾಹಕಕ್ಕೆ, ಕಿಟ್ಟಿನದ್ದಾಗಲಿ ರೋಗಿಯದ್ದಾಗಲಿ, ಬದುಕಿದ್ದಕ್ಕೂ ಸತ್ತದ್ದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಮತ್ತೆ ತೊಳೆದ ಮೇಲೆ ತಂದ ಮಾದರಿ ಎರಡು ಪಟ್ಟಿನಲ್ಲೇ ಜಾರಿಬಿತ್ತು.

ಇನ್ನೊಂದು ಪ್ರಸಂಗದಲ್ಲಿ ದೋಷ ಕಿಟ್ಟಿನದ್ದೇ, ಅಥವಾ ಏಡಿಯದ್ದೇ ಎನ್ನಬೇಕು. ಅದರ ರಕ್ತಕಣಗಳಲ್ಲಿ ಫ್ಯಾಕ್ಟರ್ ಜಿ ಎಂಬ ಇನ್ನೊಂದು ಗ್ರಾಹಕವೂ ಇದ್ದು, ಅದು ಶಿಲೀಂಧ್ರಗಳ ಗೋಡೆಯಲ್ಲಿರುವ ಬೀಟಾ ಗ್ಲೂಕಾನ್ ಕಂಡರೆ ಹೆಪ್ಪಿನ ಅದೇ ದಾರಿಯನ್ನು ಹಿಡಿಯುತ್ತದೆ. ಏಡಿಗೆ ಇದು ಲಾಭ, ನಮಗೆ ತಲೆನೋವು. ಏಕೆಂದರೆ ಸೆಲ್ಯುಲೋಸ್ ಫಿಲ್ಟರುಗಳಿಂದಲೂ ಗ್ಲೂಕಾನ್ ಸೋರುತ್ತದೆ. ಹೊಸ ಫಿಲ್ಟರು ಜೋಡಿಸಿದ ಮಾದರಿಯೊಂದು ಹೀಗೆ ಸುಳ್ಳು ಪಾಸಿಟಿವ್ ಕೊಟ್ಟಾಗ, ಗ್ಲೂಕಾನ್ ತಡೆಯುವ ಬಫರನ್ನು ಬೇರೆಯಾಗಿ ಕೊಂಡು ಪರೀಕ್ಷೆ ಮರಳಿ ಮಾಡಬೇಕಾಯಿತು. ಆ ಬಫರನ್ನು ಪೆಟ್ಟಿಗೆಯಲ್ಲೇ ಕೊಡಬಾರದೇಕೆ ಎಂಬ ಪ್ರಶ್ನೆಗೆ ಮಾರಾಟ ಪ್ರತಿನಿಧಿಯಿಂದ ಮುಗುಳ್ನಗೆಯ ಹೊರತು ಉತ್ತರ ಸಿಕ್ಕಿಲ್ಲ.

ಪೂರೈಕೆಯ ಬಗ್ಗೆ ದೂರು ಇದೆ. ಸೀಸೆಗಳು 2ರಿಂದ 8 ಡಿಗ್ರಿಯಲ್ಲಿರಬೇಕು. ಕಳೆದ ಏಪ್ರಿಲ್‌ನಲ್ಲಿ ಬಂದ ಪೆಟ್ಟಿಗೆಯಲ್ಲಿ ಐಸ್ ಪ್ಯಾಕು ನೀರಾಗಿ, ಥರ್ಮೊಕೋಲು ಬೆಚ್ಚಗಾಗಿತ್ತು. ಎಂಡೋಟಾಕ್ಸಿನ್ ಬೆರೆಸಿದ ನಿಯಂತ್ರಣ ಸೀಸೆಯೇ ಹೆಪ್ಪುಗಟ್ಟಲಿಲ್ಲ. ಹೀಗಾದಾಗ ಎಲ್ಲ ಮಾದರಿಗಳೂ ‘ಶುದ್ಧ’ ಎಂದೇ ಕಾಣುತ್ತವೆ, ಅಪಾಯ ಇರುವುದು ಅಲ್ಲೇ. ಬದಲಿ ಕಳಿಸಲು ಸರಬರಾಜುದಾರರು ಮೂರು ವಾರ ಎಳೆದಾಡಿದರು. ಅಂದಿನಿಂದ ಪಾಸಿಟಿವ್ ನಿಯಂತ್ರಣವಿಲ್ಲದೆ ಒಂದೇ ಒಂದು ವರದಿಗೂ ನಾನು ಸಹಿ ಹಾಕಿಲ್ಲ. ಆ ನಿಯಂತ್ರಣದ ಎಂಡೋಟಾಕ್ಸಿನ್ ಗಾಜಿಗೆ ಅಂಟಿಕೊಳ್ಳುವ ಸ್ವಭಾವದ್ದಾದ್ದರಿಂದ, ಸೂಚನೆಯಲ್ಲಿರುವಷ್ಟು ಹೊತ್ತು ವೋರ್ಟೆಕ್ಸ್ ಮಾಡದೆ (ಯಂತ್ರದಲ್ಲಿ ಜೋರಾಗಿ ಕುಲುಕದೆ) ಅವಸರಿಸಿದವರಿಗೂ ಇದೇ ಗತಿ.

ಕಿಟ್ಟಿನ ಕಣ್ಣಿಗೆ ಬೀಳದ್ದನ್ನೂ ಹೇಳದಿದ್ದರೆ ವಿಮರ್ಶೆ ಅಪೂರ್ಣವಾಗುತ್ತದೆ. ಸ್ಟ್ಯಾಫಿಲೊಕಾಕಸ್‌ನಂತಹ ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳಲ್ಲಿ ಲಿಪೊಪಾಲಿಸ್ಯಾಕರೈಡ್ ಇಲ್ಲ. ಅವುಗಳಿಂದ ನೀರು ಎಷ್ಟೇ ಕಲುಷಿತವಾಗಿದ್ದರೂ ಸೀಸೆ ಮೌನವಾಗಿರುತ್ತದೆ. ನಮ್ಮ ದೇಹ ಹಾಗಲ್ಲ, ಒಂದೇ ಕಾವಲುಗಾರನನ್ನು ನಂಬಿ ಕುಳಿತಿಲ್ಲ: ಲಿಪೊಪ್ರೋಟೀನುಗಳಿಗೆ ಟಿಎಲ್‌ಆರ್2, ಈಜುಬಾಲದ ಫ್ಲಾಜೆಲಿನ್‌ಗೆ ಟಿಎಲ್‌ಆರ್5, ಬ್ಯಾಕ್ಟೀರಿಯಾದ ಡಿಎನ್‌ಎಗೆ ಟಿಎಲ್‌ಆರ್9, ಕೋಶಗೋಡೆಯ ತುಣುಕಿಗೆ ನಾಡ್2. ಅಷ್ಟಿದ್ದೂ ಮೋಸಹೋಗುವುದುಂಟು, ಪ್ಲೇಗಿನ ಬ್ಯಾಕ್ಟೀರಿಯಾ ಮನುಷ್ಯನ ಮೈಬಿಸಿಯಲ್ಲಿ ತನ್ನ ಲಿಪಿಡ್ ಎಯ ಕೊಬ್ಬಿನ ಸರಪಳಿಗಳನ್ನು ಆರರ ಬದಲು ನಾಲ್ಕಕ್ಕೆ ಇಳಿಸಿ ಟಿಎಲ್‌ಆರ್4ರ ಕಣ್ತಪ್ಪಿಸುತ್ತದೆ. ಈ ಎಲ್ಲ ಗ್ರಾಹಕಗಳ ಒಟ್ಟು ಪ್ರತಿಕ್ರಿಯೆ ಬೇಕಾದವರಿಗೆ ಮನುಷ್ಯನ ಬಿಳಿ ರಕ್ತಕಣಗಳನ್ನೇ ಬಳಸುವ ಮೊನೊಸೈಟ್ ಪರೀಕ್ಷೆ ಇದೆ, ಆದರೆ ಜೀವಕೋಶ ಸಾಕುವ ಸೌಲಭ್ಯವಿಲ್ಲದ ನಮ್ಮಂಥ ಲ್ಯಾಬಿಗೆ ಅದು ದೂರದ ಮಾತು. ಶುದ್ಧೀಕರಿಸಿದ ನೀರಿನಲ್ಲಿ ಬೆಳೆಯುವವು ಹೆಚ್ಚಾಗಿ ಸ್ಯೂಡೊಮೊನಾಸ್‌ನಂತಹ ಗ್ರಾಂ ನೆಗೆಟಿವ್ ಜಾತಿಗಳೇ ಆಗಿರುವುದರಿಂದ, ನಮ್ಮ ಉದ್ದೇಶಕ್ಕೆ ಈ ಒಂಟಿಗಣ್ಣಿನ ಕಾವಲು ಸರಿಹೊಂದುತ್ತದೆ.

ನನ್ನ ಮನಸ್ಸು ವಾಲುತ್ತಿರುವ ಪರ್ಯಾಯವೊಂದಿದೆ. ಸಿಂಗಾಪುರದ ಡಿಂಗ್ ಜೀಕ್ ಲಿಂಗ್ ಮತ್ತು ಹೋ ಬೋ ಫ್ಯಾಕ್ಟರ್ ಸಿಯ ಜೀನನ್ನು ಬೇರ್ಪಡಿಸಿ, ಏಡಿಯ ರಕ್ತವಿಲ್ಲದೆಯೇ ಅದನ್ನು ತಯಾರಿಸುವ ದಾರಿ ತೆರೆದರು. ಯುರೋಪಿನ ಔಷಧಕೋಶ 2021ರಿಂದ ಅದಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟಿದೆ. ಅದರಲ್ಲಿ ಫ್ಯಾಕ್ಟರ್ ಜಿ ಇಲ್ಲ, ಹಾಗಾಗಿ ಗ್ಲೂಕಾನಿನ ಕಾಟವೂ ಇಲ್ಲ. ರಕ್ತ ಹಿಂಡಿ ಸಮುದ್ರಕ್ಕೆ ಮರಳಿ ಬಿಟ್ಟ ಏಡಿಗಳಲ್ಲಿ ಒಂದಷ್ಟು ಸಾಯುತ್ತವೆ ಎಂಬುದನ್ನು, ಒಡಿಶಾ ಮತ್ತು ಪಶ್ಚಿಮ ಬಂಗಾಳದ ತೀರದಲ್ಲಿ ನಮ್ಮದೇ ಎರಡು ಜಾತಿಗಳು ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿ ಬದುಕಿವೆ ಎಂಬುದನ್ನು ನೆನೆದರೆ, ಈ ದಾರಿಯೇ ಮೇಲೆನಿಸುತ್ತದೆ. ಅಡ್ಡಿಯೆಂದರೆ ಅದಕ್ಕೆ ಬೆಳಕನ್ನು ಅಳೆಯುವ ಫ್ಲೂರೊಮೀಟರ್ ಬೇಕು, ಆ ಯಂತ್ರ ನಮ್ಮಲ್ಲಿಲ್ಲ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದರಲ್ಲಿ ಅರ್ಧ ಆ ಬಫರಿಗೆ, ಅರ್ಧ ಏಪ್ರಿಲ್‌ನ ಪೆಟ್ಟಿಗೆಗೆ. ಮುಂದಿನ ತ್ರೈಮಾಸಿಕಕ್ಕೂ ಇದೇ ಕಿಟ್ಟನ್ನು ಬರೆದಿದ್ದೇನೆ, ತಾಪಮಾನ ದಾಖಲಿಸುವ ಪಟ್ಟಿ ಅಂಟಿಸದ ಪೆಟ್ಟಿಗೆಯನ್ನು ಸ್ವೀಕರಿಸುವುದಿಲ್ಲ ಎಂಬ ಷರತ್ತಿನೊಂದಿಗೆ.